ಸಕ್ಕರೆ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯ ಗೈರುಹಾಜರಿ: ಕಾರಣಗಳು ಮತ್ತು ಪರಿಹಾರ ಕ್ರಮಗಳು

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹಾವಳಗಾ ಹಾಗೂ ಜೇವರ್ಗಿ ಭಾಗದ ಮಳ್ಳಿ-ನಾಗರಹಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಆರಂಭವಾಗಿ ಫೆಬ್ರವರಿ-ಮಾರ್ಚ್ ವೇಳೆಗೆ ಮುಗಿಯುತ್ತದೆ. ಮಟಕಿಯಂತಹ ಗ್ರಾಮಗಳಲ್ಲಿ ಬೇಸಾಯದ ಜೊತೆಗೆ ಹಂಗಾಮಿನ ಕಾರ್ಖಾನೆ ಕೆಲಸವನ್ನೂ ನೆಚ್ಚಿದ ಕುಟುಂಬಗಳಿಗೆ ಈ ಕೆಲವು ತಿಂಗಳ ವೇತನವು ಇಡೀ ವರ್ಷದ ಆಧಾರವಾಗಿರುತ್ತದೆ. ಈ ಅವಧಿಯಲ್ಲಿ ರಾತ್ರಿ ಪಾಳಿಗೆ ಕಾರ್ಮಿಕರು ಗೈರುಹಾಜರಾಗುವುದರಿಂದ ಆಗುವ ಹಾನಿ, ಅದಕ್ಕೆ ಕಾರಣಗಳು ಹಾಗೂ ಕೈಗೊಳ್ಳಬಹುದಾದ ಕ್ರಮಗಳನ್ನು ನಿಯೋಜಕರು ಮತ್ತು ಕಾರ್ಮಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ರಾತ್ರಿ ಪಾಳಿಯ ಅನಿವಾರ್ಯತೆ

ಕಬ್ಬು ಕಟಾವಾದ ನಂತರ ಅದರಲ್ಲಿನ ಸಕ್ಕರೆಯ ಅಂಶ ಇಳಿಯತೊಡಗುತ್ತದೆ. ತೆಗೆದ ರಸವನ್ನು ತಡೆದಿಟ್ಟರೆ ಕೆಡುತ್ತದೆ. ಬಾಯ್ಲರನ್ನು ಪ್ರತಿ ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ಆದುದರಿಂದ ಹಂಗಾಮಿನಲ್ಲಿ ಕಾರ್ಖಾನೆಯು ದಿನದ 24 ಗಂಟೆಯೂ ನಡೆಯಬೇಕಾಗುತ್ತದೆ. ಹಲವು ಸಕ್ಕರೆ ಕಾರ್ಖಾನೆಗಳಲ್ಲಿ ಬೆಳಗಿನ ಜಾವ 4ರಿಂದ ಮಧ್ಯಾಹ್ನ 12, ಮಧ್ಯಾಹ್ನ 12ರಿಂದ ರಾತ್ರಿ 8 ಮತ್ತು ರಾತ್ರಿ 8ರಿಂದ ಬೆಳಗಿನ ಜಾವ 4 ಎಂಬ ಮೂರು ಪಾಳಿಗಳಿರುತ್ತವೆ. ಈ ಲೇಖನದ ಉದಾಹರಣೆಗಳಲ್ಲಿ ಇದೇ ವೇಳಾಪಟ್ಟಿಯನ್ನು ಬಳಸಲಾಗಿದೆ.

2. ಗೈರುಹಾಜರಿಯ ಪ್ರಮಾಣವನ್ನು ಲೆಕ್ಕ ಹಾಕುವ ಬಗೆ

ಕೆಲಸಕ್ಕೆ ನಿಗದಿಯಾದ ದಿನದಂದು ಪೂರ್ವಾನುಮತಿ ಇಲ್ಲದೆ ಬಾರದಿರುವುದನ್ನು ಗೈರುಹಾಜರಿ ಎನ್ನಲಾಗುತ್ತದೆ. ಮಂಜೂರಾದ ರಜೆ ಮತ್ತು ವಾರದ ರಜೆ ಇದರಲ್ಲಿ ಸೇರುವುದಿಲ್ಲ. ನಷ್ಟವಾದ ಮಾನವ ದಿನಗಳನ್ನು ನಿಗದಿತ ಮಾನವ ದಿನಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ಪ್ರಮಾಣ ದೊರೆಯುತ್ತದೆ.

ಉದಾಹರಣೆಗೆ, ರಾತ್ರಿ ಪಾಳಿಗೆ 40 ಕಾರ್ಮಿಕರು, ತಿಂಗಳಿಗೆ 26 ಕೆಲಸದ ದಿನಗಳು ಎಂದಿಟ್ಟುಕೊಂಡರೆ ನಿಗದಿತ ಮಾನವ ದಿನಗಳು 1,040. ಇವುಗಳಲ್ಲಿ 78 ನಷ್ಟವಾದರೆ ಗೈರುಹಾಜರಿ ಶೇ. 7.5. ಅಂದರೆ ಸರಾಸರಿ ಪ್ರತಿ ರಾತ್ರಿ 3 ಮಂದಿ ಬಂದಿರುವುದಿಲ್ಲ. ಈ ಲೆಕ್ಕವನ್ನು ಇಡೀ ಕಾರ್ಖಾನೆಗೆ ಒಟ್ಟಾಗಿ ಮಾಡದೆ ಪಾಳಿವಾರು, ವಿಭಾಗವಾರು ಹಾಗೂ ವಾರದ ದಿನವಾರು ಮಾಡುವುದು ಸೂಕ್ತ. ಮೂರೂ ಪಾಳಿಗಳ ಸರಾಸರಿಯಲ್ಲಿ ರಾತ್ರಿಯ ಸಮಸ್ಯೆ ಮರೆಯಾಗುತ್ತದೆ.

3. ಪ್ರಮುಖ ಕಾರಣಗಳು

(ಅ) ನಿದ್ರೆಯ ಕೊರತೆ: ಮನುಷ್ಯನ ದೇಹವು ಹಗಲು ಎಚ್ಚರವಿದ್ದು ರಾತ್ರಿ ಮಲಗುವ ಕ್ರಮಕ್ಕೆ ಹೊಂದಿಕೊಂಡಿದೆ. ರಾತ್ರಿ ದುಡಿದವರ ಹಗಲು ನಿದ್ರೆಯು ರಾತ್ರಿಯ ನಿದ್ರೆಗಿಂತ ಸಾಮಾನ್ಯವಾಗಿ ಕಡಿಮೆ ಅವಧಿಯದ್ದಾಗಿರುತ್ತದೆ. ಬಿಸಿಲು, ಮನೆಯ ಗದ್ದಲ ಮತ್ತು ಹೊಲದ ಕೆಲಸಗಳು ಅದನ್ನು ಇನ್ನಷ್ಟು ಕಡಿತಗೊಳಿಸುತ್ತವೆ. ಹೀಗೆ ಉಳಿದ ನಿದ್ರೆಯ ಬಾಕಿ ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತದೆ.

(ಆ) ಸಾರಿಗೆಯ ಕೊರತೆ: ಬೆಳಗಿನ ಜಾವ 4 ಗಂಟೆಗೆ ಪಾಳಿ ಬದಲಾಗುವಾಗ ಗ್ರಾಮಗಳಿಗೆ ಬಸ್ ದೊರೆಯುವುದು ಕಷ್ಟ. ದ್ವಿಚಕ್ರ ವಾಹನದಲ್ಲಿ ಬರುವವರಿಗೆ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್‌ಗಳು ಕತ್ತಲಲ್ಲಿ ಅಪಾಯಕಾರಿ. ಜೊತೆಗೆ ಬರುವವನು ರಜೆ ಹಾಕಿದರೆ ಅವನ ವಾಹನವನ್ನೇ ನೆಚ್ಚಿದವನೂ ಗೈರಾಗುತ್ತಾನೆ.

(ಇ) ಸುಗ್ಗಿ ಮತ್ತು ಹಬ್ಬಗಳು: ತೊಗರಿಯ ರಾಶಿ ನಡೆಯುವ ಡಿಸೆಂಬರ್-ಜನವರಿಯಲ್ಲಿಯೇ ಕಬ್ಬು ನುರಿಸುವ ಕಾರ್ಯವೂ ಭರದಿಂದ ನಡೆದಿರುತ್ತದೆ. ಕುಟುಂಬವೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎಳ್ಳ ಅಮಾವಾಸ್ಯೆಯೂ ಇದೇ ಸಮಯದಲ್ಲಿ ಬರುತ್ತದೆ. ಈ ದಿನಗಳು ಪಂಚಾಂಗದಲ್ಲಿ ಮೊದಲೇ ತಿಳಿದಿರುವುದರಿಂದ ಅಂದಿನ ಗೈರುಹಾಜರಿಯನ್ನು ಅನಿರೀಕ್ಷಿತವೆಂದು ಪರಿಗಣಿಸಲಾಗದು.

(ಈ) ಅನಾರೋಗ್ಯ: ಸಕ್ಕರೆ ತಯಾರಿಕೆಯಲ್ಲಿ ಮಾತ್ರ ತೊಡಗಿರುವ ಹಂಗಾಮಿ ಕಾರ್ಖಾನೆಗಳು ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಆ ಯೋಜನೆಯಡಿ ವರ್ಷಕ್ಕೆ ಗರಿಷ್ಠ 91 ದಿನ, ವೇತನದ ಶೇ. 70ರ ದರದಲ್ಲಿ ದೊರೆಯುವ ಅನಾರೋಗ್ಯ ಭತ್ಯೆಯು ಈ ಕಾರ್ಮಿಕರಿಗೆ ಲಭ್ಯವಿಲ್ಲ. ಜ್ವರವಿದ್ದರೂ ವೇತನದ ಆಸೆಗೆ ಪಾಳಿಗೆ ಬಂದವನು ಮುಂದೆ ಒಂದು ವಾರ ಹಾಸಿಗೆ ಹಿಡಿಯುವ ಸಂಭವವಿರುತ್ತದೆ.

4. ಡಬಲ್ ಡ್ಯೂಟಿಯ ಪರಿಣಾಮ

ರಾತ್ರಿ ಪಾಳಿಯವನು ಬಾರದಿದ್ದಾಗ ಹಿಂದಿನ ಪಾಳಿಯವನನ್ನೇ ಮುಂದುವರಿಸುವುದು ರೂಢಿಯಲ್ಲಿರುವ ಸುಲಭ ಮಾರ್ಗ. ಆದರೆ ಗೈರುಹಾಜರಿ ಬೆಳೆಯುವುದು ಇಲ್ಲಿಂದಲೇ. ಮಧ್ಯಾಹ್ನ 12ಕ್ಕೆ ಬಂದವನು ಬೆಳಗಿನ ಜಾವ 4ರವರೆಗೆ 16 ಗಂಟೆ ದುಡಿದು, ಪುನಃ ಅದೇ ಮಧ್ಯಾಹ್ನ 12ಕ್ಕೆ ಹಾಜರಾಗಬೇಕು. ನಡುವೆ ಉಳಿಯುವ 8 ಗಂಟೆಗಳಲ್ಲಿ ಪ್ರಯಾಣ, ಸ್ನಾನ, ಊಟ ಕಳೆದು ನಿದ್ರೆಗೆ ದೊರೆಯುವುದು ಅತ್ಯಲ್ಪ. ಅವನು ಗೈರಾದರೆ ಮತ್ತೊಬ್ಬನಿಗೆ ಡಬಲ್ ಡ್ಯೂಟಿ ಬೀಳುತ್ತದೆ. ಒಂದು ಗೈರುಹಾಜರಿ ಹೀಗೆ ಎರಡಾಗುತ್ತದೆ, ಎರಡು ನಾಲ್ಕಾಗಬಹುದು.

ಇದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಅಡಗಿದೆ. ಸತತ 17 ಗಂಟೆ ಎಚ್ಚರವಿದ್ದವರ ಕೈಚಳಕವು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಇರುವ ಮಿತಿ ಶೇ. 0.03 ಮಾತ್ರ. ಬೆಳಿಗ್ಗೆ 6ಕ್ಕೆ ಎದ್ದ ಕಾರ್ಮಿಕನಿಗೆ ರಾತ್ರಿ 11ಕ್ಕೇ 17 ಗಂಟೆ ತುಂಬುತ್ತದೆ. ಅಲ್ಲಿಂದ ಮುಂದೆ ಇನ್ನೂ 5 ಗಂಟೆ ಅವನು ಗಾಣದ ಉರುಳೆಗಳ ಬಳಿ, ಬಾಯ್ಲರ್ ಮುಂದೆ ಅಥವಾ ಸೆಂಟ್ರಿಫ್ಯೂಗಲ್ ಯಂತ್ರದ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ. ನಂತರ ಅದೇ ಸ್ಥಿತಿಯಲ್ಲಿ ಕತ್ತಲ ರಸ್ತೆಯಲ್ಲಿ ಊರಿಗೆ ಹಿಂತಿರುಗುತ್ತಾನೆ.

5. ಬದಲಿ ಕಾರ್ಮಿಕರ ವೆಚ್ಚ

ಬದಲಿ ಕಾರ್ಮಿಕರನ್ನು ಇಟ್ಟುಕೊಳ್ಳುವುದು ದುಬಾರಿ ಎಂಬ ಅಭಿಪ್ರಾಯವಿದೆ. ಮೇಲಿನ ಉದಾಹರಣೆಯಲ್ಲಿ ದಿನದ ವೇತನ ರೂ. 600 ಎಂದು ಭಾವಿಸೋಣ. ಹೆಚ್ಚುವರಿ ಅವಧಿಗೆ ಎರಡು ಪಟ್ಟು ವೇತನ ನೀಡಬೇಕು.

- ಎಲ್ಲ 40 ಮಂದಿ ಹಾಜರಾದಲ್ಲಿ ಒಂದು ರಾತ್ರಿಯ ವೇತನ: ರೂ. 24,000
- 3 ಮಂದಿ ಗೈರು, ಡಬಲ್ ಡ್ಯೂಟಿಯಿಂದ ಭರ್ತಿ (37 × 600 + 3 × 1,200): ರೂ. 25,800
- 3 ಮಂದಿ ಗೈರು, ಬದಲಿ ಕಾರ್ಮಿಕರಿಂದ ಭರ್ತಿ (40 × 600): ರೂ. 24,000
- ಯಾರೂ ಗೈರಾಗದೆ 3 ಬದಲಿ ಕಾರ್ಮಿಕರೂ ಹಾಜರು (43 × 600): ರೂ. 25,800

ಅಂದರೆ ಬದಲಿ ಕಾರ್ಮಿಕರ ಅಗತ್ಯವೇ ಬೀಳದ ರಾತ್ರಿಯಲ್ಲಿಯೂ ವೆಚ್ಚವು ಡಬಲ್ ಡ್ಯೂಟಿಯ ವೆಚ್ಚವನ್ನು ಮೀರುವುದಿಲ್ಲ. ಅಂತಹ ರಾತ್ರಿಗಳಲ್ಲಿ ಅವರನ್ನು ಸ್ವಚ್ಛತೆ ಹಾಗೂ ಕೌಶಲ್ಯದ ಕೆಲಸ ಕಲಿಯಲು ಬಳಸಿಕೊಳ್ಳಬಹುದು. ಪ್ಯಾನ್ ವಿಭಾಗದಂತಹ ಅನುಭವ ಬೇಡುವ ಕಡೆಗೆ ಮುಂದಿನ ಹಂಗಾಮಿಗೆ ಕೈಗಳೂ ತಯಾರಾಗುತ್ತವೆ.

6. ಕಾನೂನಿನ ಅವಕಾಶಗಳು

1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನದಲ್ಲಿ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಅದರ ಮುಖ್ಯ ಅಂಶಗಳು ಹೀಗಿವೆ:

- ಹೆಚ್ಚುವರಿ ಅವಧಿಯ ಕೆಲಸಕ್ಕೆ ಕಾರ್ಮಿಕನ ಒಪ್ಪಿಗೆ ಅವಶ್ಯ. ಅದಕ್ಕೆ ಎರಡು ಪಟ್ಟು ದರದಲ್ಲಿ ವೇತನ ನೀಡತಕ್ಕದ್ದು.
- ಪಾಳಿಯು ಮಧ್ಯರಾತ್ರಿಯನ್ನು ದಾಟಿದಲ್ಲಿ ವಾರದ ರಜೆಯ 24 ಗಂಟೆಗಳು ಪಾಳಿ ಮುಗಿದ ಕ್ಷಣದಿಂದ ಆರಂಭವಾಗುತ್ತವೆ. ಮಧ್ಯರಾತ್ರಿಯ ನಂತರದ ಕೆಲಸದ ಗಂಟೆಗಳು ಹಿಂದಿನ ದಿನಕ್ಕೆ ಸೇರುತ್ತವೆ.
- ವರ್ಷದಲ್ಲಿ 180 ದಿನ ದುಡಿದವರಿಗೆ 20 ದಿನಕ್ಕೆ 1ರಂತೆ ವೇತನ ಸಹಿತ ರಜೆ ಇದೆ. ಹಿಂದಿನ ಕಾಯ್ದೆಯಲ್ಲಿ ಈ ಮಿತಿ 240 ದಿನಗಳಾಗಿತ್ತು.
- 100 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನ್ ಹಾಗೂ 50ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ವಿಶ್ರಾಂತಿ ಕೊಠಡಿಗೆ ಅವಕಾಶ ಕಲ್ಪಿಸಲಾಗಿದೆ.
- ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮುನ್ನ ಮಹಿಳೆಯರ ಕೆಲಸಕ್ಕೆ ಅವರ ಒಪ್ಪಿಗೆ ಹಾಗೂ ಸುರಕ್ಷತಾ ಷರತ್ತುಗಳ ಪಾಲನೆ ಅವಶ್ಯ.

ಇವುಗಳಲ್ಲಿ ಎರಡನೆಯ ಅಂಶವು ಹಾಜರಾತಿ ಪುಸ್ತಕಕ್ಕೆ ನೇರವಾಗಿ ಸಂಬಂಧಿಸಿದೆ. ಶನಿವಾರ ರಾತ್ರಿ 8ಕ್ಕೆ ಬಂದು ಭಾನುವಾರ ಬೆಳಗಿನ ಜಾವ 4ಕ್ಕೆ ಹೋದವನ ಕೆಲಸವೆಲ್ಲ ಶನಿವಾರದ್ದು. ಅವನ ವಾರದ ರಜೆ ಸೋಮವಾರ ಬೆಳಗಿನ ಜಾವ 4ರವರೆಗೆ ಇರುತ್ತದೆ. ಭಾನುವಾರ ರಾತ್ರಿ ಅವನನ್ನು ಗೈರು ಎಂದು ನಮೂದಿಸಿದರೆ ಆ ನಮೂದು ತಪ್ಪು. ದಿನಾಂಕವನ್ನು ಮಾತ್ರ ನೋಡಿ ಬರೆಯುವ ಪುಸ್ತಕಗಳಲ್ಲಿ ಇಂತಹ ಸುಳ್ಳು ಗೈರುಹಾಜರಿಗಳು ಸೇರಿಕೊಳ್ಳಬಹುದು.

ಮೂರನೆಯ ಅಂಶದ ಪ್ರಯೋಜನ ಹಂಗಾಮಿ ಕಾರ್ಮಿಕರಿಗೆ ಸುಲಭವಾಗಿ ದೊರೆಯದು. ಹಂಗಾಮು ನಾಲ್ಕೈದು ತಿಂಗಳಿಗೆ ಮುಗಿದರೆ 180 ದಿನಗಳು ತುಂಬುವುದಿಲ್ಲ. ಆದುದರಿಂದ ಹಂಗಾಮಿಗೆ ಕೆಲವು ದಿನಗಳ ವೇತನ ಸಹಿತ ರಜೆಯನ್ನು ಕಾರ್ಮಿಕ ಸಂಘ ಮತ್ತು ಆಡಳಿತ ವರ್ಗದ ನಡುವಣ ಒಪ್ಪಂದದಲ್ಲಿ ಸೇರಿಸಿಕೊಳ್ಳುವುದು ಅಪೇಕ್ಷಣೀಯ. ಕೇಳಿ ಪಡೆಯುವ ರಜೆ ಇದ್ದಲ್ಲಿ ಹೇಳದೆ ಉಳಿಯುವ ಪ್ರಸಂಗ ಕಡಿಮೆಯಾಗುತ್ತದೆ.

7. ಆಡಳಿತ ವರ್ಗ ಕೈಗೊಳ್ಳಬಹುದಾದ ಕ್ರಮಗಳು

- ಗೈರಾದವನ ಮೇಲೆ ಶಿಸ್ತು ಕ್ರಮಕ್ಕೆ ಮುನ್ನ ಹಿಂದಿನ ಮೂರು ದಿನಗಳಲ್ಲಿ ಅವನು ಡಬಲ್ ಡ್ಯೂಟಿ ಮಾಡಿದ್ದನೇ ಎಂದು ಪರಿಶೀಲಿಸುವುದು.
- ಪಾಳಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮುಂದಿನ ಕ್ರಮದಲ್ಲಿ ಬದಲಿಸುವುದು. ಹಿಂದಕ್ಕೆ ಸಾಗುವ ಕ್ರಮಕ್ಕಿಂತ ಇದಕ್ಕೆ ದೇಹ ಬೇಗ ಹೊಂದಿಕೊಳ್ಳುತ್ತದೆ.
- ಪಾಳಿ ಪಟ್ಟಿಯನ್ನು ಹಂಗಾಮಿನ ಆರಂಭದಲ್ಲಿಯೇ ಪ್ರಕಟಿಸಿ, ಎಳ್ಳ ಅಮಾವಾಸ್ಯೆ ಹಾಗೂ ತೊಗರಿ ರಾಶಿಯ ದಿನಗಳಿಗೆ ಸರದಿಯಂತೆ ರಜೆ ಹಂಚುವುದು.
- ಗ್ರಾಮಗಳ ಗುಂಪಿಗೊಂದರಂತೆ ಪಾಳಿ ವಾಹನದ ವ್ಯವಸ್ಥೆ ಮಾಡುವುದು ಮತ್ತು ಕಬ್ಬಿನ ಟ್ರೇಲರ್‌ಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸುವುದು.
- ಕ್ಯಾಂಟೀನಿನಲ್ಲಿ ರಾತ್ರಿಯೂ ಬಿಸಿ ಊಟ ಒದಗಿಸುವುದು. ವಿರಾಮದಲ್ಲಿ 15-20 ನಿಮಿಷ ಒರಗಲು ಸ್ಥಳ ನೀಡುವುದು.
- ಪರಸ್ಪರ ಒಪ್ಪಿಗೆಯಿಂದ ಪಾಳಿ ಬದಲಿಸಿಕೊಳ್ಳಲು ಸರಳ ಅರ್ಜಿ ನಮೂನೆ ಜಾರಿಗೆ ತರುವುದು.

8. ಕಾರ್ಮಿಕರು ಮತ್ತು ಕುಟುಂಬದವರಿಗೆ ಸಲಹೆಗಳು

ಬರಲಾಗದಿದ್ದಲ್ಲಿ ಪಾಳಿ ಆರಂಭಕ್ಕೆ ಕೆಲವು ಗಂಟೆ ಮುನ್ನವೇ ತಿಳಿಸಬೇಕು. ಇದರಿಂದ ಸಹೋದ್ಯೋಗಿಯೊಬ್ಬನ 16 ಗಂಟೆಯ ದುಡಿಮೆ ತಪ್ಪುತ್ತದೆ. ಮನೆಗೆ ಬಂದ ಕೂಡಲೇ ಕತ್ತಲೆ ಮಾಡಿದ ಕೋಣೆಯಲ್ಲಿ ಮಲಗುವುದು, ಪಾಳಿಯ ಕೊನೆಯ ಗಂಟೆಗಳಲ್ಲಿ ಚಹಾ ಬಿಡುವುದು, ಮಧ್ಯರಾತ್ರಿ ಲಘು ಊಟ ಮಾಡುವುದು ಒಳಿತು. ಹಗಲು ಮಲಗಿದವನನ್ನು ಸೋಮಾರಿ ಎನ್ನದೆ, ಅವನ ನಿದ್ರೆಯೂ ಕೆಲಸದ ಒಂದು ಭಾಗವೆಂದು ಮನೆಯವರು ತಿಳಿಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಮೂರ್ಛೆ ರೋಗವಿರುವವರು ರಾತ್ರಿ ಪಾಳಿಗೆ ಮುನ್ನ ವೈದ್ಯರ ಸಲಹೆ ಪಡೆಯತಕ್ಕದ್ದು.

ಹಾಜರಾತಿ ಪುಸ್ತಕದ ನಮೂದು, ಹೆಚ್ಚುವರಿ ವೇತನ ಅಥವಾ ವಾರದ ರಜೆಯ ಬಗ್ಗೆ ಸಂದೇಹವಿದ್ದಲ್ಲಿ ಕಾರ್ಮಿಕರು ಮೊದಲು ಕಾರ್ಖಾನೆಯ ಕಲ್ಯಾಣಾಧಿಕಾರಿಯನ್ನು, ಪರಿಹಾರ ದೊರೆಯದಿದ್ದಲ್ಲಿ ಕಾರ್ಮಿಕ ಇಲಾಖೆಯ ಜಿಲ್ಲಾ ಮಟ್ಟದ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.