ಒಂದು ಗೇಣು ಕೇಬಲ್ಲಿನ ಕಿತಾಪತಿ

ನಮ್ಮ ಮನೆಗಳ ಮೇಲಿದ್ದ ಟಿವಿ ಆಂಟೆನಾಗಳು ಗುಜರಿ ಸೇರಿ ಬಹಳ ಕಾಲವಾಯಿತು. ಅಮೆರಿಕದಲ್ಲಿ ಹಾಗಲ್ಲ. ಕೇಬಲ್ ಬಿಲ್ ಕಟ್ಟಿ ರೋಸಿದವರು ಅಲ್ಲಿ ಮತ್ತೆ ಛಾವಣಿ ಹತ್ತುತ್ತಿದ್ದಾರೆ. ಪ್ರಸಾರದ ಗೋಪುರ ದೂರವಿದ್ದರೆ ಕೆಲವರು ಒಂದೇ ಕಂಬಕ್ಕೆ ಒಂದರ ಮೇಲೊಂದು ಇಲ್ಲವೇ ಅಕ್ಕಪಕ್ಕ ಎರಡು ಆಂಟೆನಾ ಬಿಗಿಯುತ್ತಾರೆ. ಇದೇ ಸ್ಟ್ಯಾಕಿಂಗ್.

ಎರಡು ಕಟ್ಟಿದರೆ ಚಾನೆಲ್‌ಗಳೂ ಎರಡರಷ್ಟಾಗುವುದಿಲ್ಲ. ದಕ್ಕುವ ಶಕ್ತಿ ಎರಡರಷ್ಟಾಗುತ್ತದೆ, ಅಂದರೆ 3 ಡೆಸಿಬೆಲ್ ಲಾಭ. ಅದೂ ಕಾಗದದ ಮೇಲೆ. ಎರಡನ್ನೂ ಕೂಡಿಸುವ ಕಂಬೈನರ್ ತನ್ನ ಪಾಲು ಮುರಿದುಕೊಂಡ ಮೇಲೆ ಉಳಿಯುವುದು ಸುಮಾರು ಎರಡೂವರೆ.

ಇಷ್ಟಕ್ಕೆ ಇಷ್ಟೆಲ್ಲ ಪಾಡೇಕೆ? ಹಳೆಯ ಟಿವಿಯಲ್ಲಿ ಸಿಗ್ನಲ್ ಸೊರಗಿದರೆ ಚುಕ್ಕೆಗಳ ನಡುವೆಯೂ ಆಟಗಾರನ ಗುರುತು ಸಿಗುತ್ತಿತ್ತು. 2009ರ ಜೂನ್ 12ರಂದು ಅಮೆರಿಕದ ದೊಡ್ಡ ಕೇಂದ್ರಗಳೆಲ್ಲ ಡಿಜಿಟಲ್ ಆದವು. ಡಿಜಿಟಲ್‌ಗೆ ದಾಕ್ಷಿಣ್ಯವಿಲ್ಲ. ಸಿಗ್ನಲ್ಲು ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿದ್ದರೆ ಚಿತ್ರ ಸ್ವಚ್ಛ. ಅದಕ್ಕಿಂತ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ಮಾಯ. 13ರಲ್ಲಿ ನಿಂತಿರುವವನಿಗೆ ಎರಡೂವರೆ ಎಂದರೆ ಸರ್ವಸ್ವ. ಬೂಸ್ಟರ್ ಹಾಕಬಹುದಲ್ಲ ಎನ್ನಬೇಡಿ. ಉದ್ದ ಕೇಬಲ್ಲಿನ ನಷ್ಟ ತುಂಬಲು ಅದು ಸರಿಯೇ. ಆದರೆ ಬಂದ ಗದ್ದಲವನ್ನೂ ಅದು ಅಷ್ಟೇ ಹಿಗ್ಗಿಸುತ್ತದೆ.

ನಿಜವಾದ ತೊಡಕು ಕೂಡಿಸುವುದರಲ್ಲಿದೆ. ತೇರಿನ ಹಗ್ಗವನ್ನು ಎಲ್ಲರೂ ಒಂದೇ ಕೂಗಿಗೆ ಜಗ್ಗಬೇಕಲ್ಲ, ಹಾಗೆ ಎರಡೂ ಆಂಟೆನಾಗಳ ಅಲೆಗಳು ಏರಿಗೆ ಏರು, ಇಳಿತಕ್ಕೆ ಇಳಿತ ಸೇರಬೇಕು. 500 ಮೆಗಾಹರ್ಟ್ಸ್ ಅಲೆಯ ಉದ್ದ 60 ಸೆಂಟಿಮೀಟರ್. ಕೇಬಲ್ಲಿನೊಳಗೆ ಅಲೆ ನಿಧಾನವಾಗುವುದರಿಂದ ಅದು 50ರ ಆಸುಪಾಸಿಗೆ ಕುಗ್ಗುತ್ತದೆ. ಆಗ ಒಂದು ಕಡೆಯ ಕೇಬಲ್ ಒಂದು ಗೇಣು ಹೆಚ್ಚಾದರೂ ಸಾಕು, ಒಂದರ ಏರು ಇನ್ನೊಂದರ ಇಳಿತಕ್ಕೆ ಬಡಿದು ಸಿಗ್ನಲ್ಲೇ ಅಳಿಸಿಹೋಗುತ್ತದೆ. ಎರಡು ಆಂಟೆನಾ ಹಾಕಿ ಒಂದರಷ್ಟೂ ಸಿಗದ ಫಜೀತಿ! ಒಂದು ಆಂಟೆನಾ ತಲೆಕೆಳಗಾಗಿ ಕೂತರೂ ಇದೇ ಗತಿ. ಹಾಗಾಗಿ ಎರಡೂ ಒಂದೇ ಮಾದರಿಯವಾಗಿರಬೇಕು, ಕೇಬಲ್ ತುಂಡುಗಳನ್ನು ಒಂದೇ ಸುರುಳಿಯಿಂದ ಅಳೆದು ಕತ್ತರಿಸಬೇಕು.

ಈ ಅಳಿಸುವ ಗುಣವನ್ನೇ ಜಾಣರು ದುಡಿಸಿಕೊಳ್ಳುತ್ತಾರೆ. ಅಕ್ಕಪಕ್ಕ 60 ಸೆಂಟಿಮೀಟರ್ ಅಂತರದಲ್ಲಿ ಕಟ್ಟಿದರೆ, ಎದುರಿನ ಗೋಪುರದ 500 ಮೆಗಾಹರ್ಟ್ಸ್ ಅಲೆ ಎರಡಕ್ಕೂ ಒಟ್ಟಿಗೇ ತಲುಪುತ್ತದೆ. ಆದರೆ 30 ಡಿಗ್ರಿ ಓರೆಯಿಂದ ಅದೇ ಚಾನೆಲ್ಲಿನಲ್ಲಿ ನುಗ್ಗುವ ಬೇರೆ ಕೇಂದ್ರದ ಅಲೆ ಎರಡನೆಯ ಆಂಟೆನಾ ಮುಟ್ಟಲು ಸರಿಯಾಗಿ ಅರ್ಧ ಅಲೆಯಷ್ಟು ಹೆಚ್ಚು ದಾರಿ ನಡೆಯಬೇಕು. ಕೂಡುವಲ್ಲಿ ಅದು ತನ್ನನ್ನೇ ತಾನು ಹೊಡೆದುಕೊಂಡು ಸಾಯುತ್ತದೆ. ನನ್ನ ಮಟ್ಟಿಗೆ ಸ್ಟ್ಯಾಕಿಂಗ್‌ನ ದೊಡ್ಡ ಉಪಯೋಗ ಇದೇ, 3 ಡೆಸಿಬೆಲ್ ಅಲ್ಲ. ಮೇಲೆ ಕೆಳಗೆ ಕಟ್ಟಿದಾಗ ನೋಟ ಲಂಬವಾಗಿ ಕಿರಿದಾಗಿ, ನೆಲದಿಂದ ಪ್ರತಿಫಲಿಸುವ ಅಲೆಗಳ ಕಾಟ ತಗ್ಗುತ್ತದೆ.

ಹತ್ತು ಡೆಸಿಬೆಲ್ ಕೊರತೆಯಿದ್ದಲ್ಲಿ ಇದಾವುದೂ ಕೈಹಿಡಿಯದು. ಎರಡನೆಯದಕ್ಕೆ ದುಡ್ಡು ಸುರಿಯುವ ಮೊದಲು ಇರುವ ಒಂದನ್ನೇ ಮರದ ಮರೆಯಿಂದ ಈಚೆಗೆ ತಂದು, ಇನ್ನಷ್ಟು ಎತ್ತರಕ್ಕೇರಿಸಿ ನೋಡುವುದು ಮೇಲು.