ಗ್ಯಾಸ್ ಗೀಸರ್ ಹೊತ್ತುತ್ತಿಲ್ಲವೇ? ಮೊದಲು ಸದ್ದು ಕೇಳಿ

ಚಳಿಗಾಲ ಬಂತೆಂದರೆ ನಮ್ಮ ಶಿಕಾರಿಪುರ, ಸೊರಬದ ಕಡೆ ಬೆಳಗಿನ ಮೊದಲ ಕೆಲಸ ನೀರು ಕಾಯಿಸುವುದು. ಫಜರ್ ನಮಾಜಿಗೆ ವುಜೂ ಮಾಡುವವರಿಗೂ ಬಿಸಿನೀರು ಬೇಕು, ಕಾಲೇಜಿನ ಬಸ್ಸು ಹಿಡಿಯುವವರಿಗೂ ಬೇಕು. ಹಳ್ಳಿಯ ಮನೆಗಳಲ್ಲಿ ಇಂದಿಗೂ ಬಚ್ಚಲ ಒಲೆಗೆ ಸೌದೆ, ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುತ್ತಾರೆ. ಪೇಟೆಯ ಅನೇಕ ಮನೆಗಳಲ್ಲಿ ಆ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಕರೆಂಟ್ ಹೋದರೂ ನಡೆಯುತ್ತದೆ, ನಲ್ಲಿ ತಿರುಗಿಸಿದರೆ ಸಾಕು. ಆದರೆ ಒಂದು ದಿನ ಎಷ್ಟು ತಿರುಗಿಸಿದರೂ ತಣ್ಣೀರೇ ಬರುತ್ತದೆ.

ನನ್ನ ಮಾಮು ಗ್ಯಾಸ್ ಸ್ಟವ್, ಗೀಸರ್ ರಿಪೇರಿ ಮಾಡುತ್ತಾರೆ. ರಜೆಯಲ್ಲಿ ಅವರ ಸಾಮಾನಿನ ಚೀಲ ಹಿಡಿದು ಎರಡೂ ತಾಲ್ಲೂಕಿನ ಮನೆಗಳಿಗೆ ಹೋಗಿದ್ದೇನೆ. ಅವರು ಹೋದ ಕೂಡಲೇ ಸ್ಕ್ರೂ ಬಿಚ್ಚುವುದಿಲ್ಲ. ಮೊದಲು ವಾಸನೆ ನೋಡುತ್ತಾರೆ, ಆಮೇಲೆ ನಲ್ಲಿ ತಿರುಗಿಸಿ ಸದ್ದು ಕೇಳುತ್ತಾರೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಕಾಮರ್ಸ್‌ನವರು ಮೊದಲು ಕೂಡಿದ್ದು ಸರಿಯೇ ಎಂದು ನೋಡಿ, ನಂತರ ಲೆಡ್ಜರಿಗೆ ಹೋಗುತ್ತೇವಲ್ಲ, ಹಾಗೆಯೇ ಇದಕ್ಕೂ ಒಂದು ಕ್ರಮವಿದೆ.

ಗ್ಯಾಸಿನ ವಾಸನೆ ಬಂದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಲೈಟಿನ ಸ್ವಿಚ್ಚನ್ನಾಗಲಿ, ಫ್ಯಾನಿನ ಸ್ವಿಚ್ಚನ್ನಾಗಲಿ ಮುಟ್ಟಬೇಡಿ; ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ. ಅದು ಗ್ಯಾಸ್ ಸೋರಿಕೆಯ ಸಹಾಯವಾಣಿ.

ವಾಸನೆ ಇಲ್ಲವೆಂದರೆ ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿ ಕಿವಿಗೊಡಿ. ನೀರು ಹರಿದಾಗ ಅದರ ಒತ್ತಡಕ್ಕೆ ಗೀಸರಿನೊಳಗಿನ ರಬ್ಬರ್ ಪರದೆಯೊಂದು ಉಬ್ಬಿ ಸಣ್ಣ ಸ್ವಿಚ್ಚನ್ನು ಒತ್ತುತ್ತದೆ. ಆಗ ಸೆಲ್ಲಿನ ಶಕ್ತಿಯಿಂದ ಟಕ್ ಟಕ್ ಎಂದು ಕಿಡಿ ಹಾರಿ, ಗ್ಯಾಸಿನ ವಾಲ್ವ್ ತೆರೆದು, ಬರ್ನರ್ ಹೊತ್ತುತ್ತದೆ.

ಟಕ್ ಟಕ್ ಸದ್ದೇ ಇಲ್ಲವೆಂದರೆ ತಪ್ಪು ಸೆಲ್ಲಿನದು ಅಥವಾ ನೀರಿನದು. ಹೆಚ್ಚಿನ ಗೀಸರುಗಳ ಕೆಳಗೆ ದೊಡ್ಡ ಟಾರ್ಚಿಗೆ ಹಾಕುವಂಥ 1.5 ವೋಲ್ಟಿನ ಎರಡು ಸೆಲ್‌ಗಳಿರುತ್ತವೆ. ಬಚ್ಚಲಿನ ತೇವಕ್ಕೆ ಅವುಗಳ ತುದಿ ಹಸಿರುಗಟ್ಟುತ್ತದೆ. ತುದಿ ಒರೆಸಿ, ಹೊಸ ಸೆಲ್ಲನ್ನು ಜೋಡಿಯಾಗಿಯೇ ಹಾಕಿ. ಆಗಲೂ ಸದ್ದಿಲ್ಲದಿದ್ದರೆ ನೀರಿನ ಒತ್ತಡ ನೋಡಿ. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ತಾರಸಿಯ ಮೇಲಿನ ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಮಾತ್ರ ಮೇಲಿದ್ದರೆ 0.3 ಬಾರ್ ಅಷ್ಟೇ. ಅಷ್ಟರಲ್ಲಿ ಬೋರ್‌ವೆಲ್ ನೀರಿನ ಮರಳು, ಸುಣ್ಣ ಒಳಬರುವ ಜಾಲರಿಯಲ್ಲಿ ಕಟ್ಟಿಕೊಂಡರೆ ಪರದೆ ಉಬ್ಬುವುದೇ ಇಲ್ಲ. ನೀರಿನ ವಾಲ್ವ್ ಬಂದ್ ಮಾಡಿ, ಜಾಲರಿ ತೆಗೆದು ಹಳೆಯ ಬ್ರಷ್ಷಿನಿಂದ ತೊಳೆಯಬಹುದು.

ಸದ್ದು ಇದೆ, ಬೆಂಕಿ ಇಲ್ಲ ಎಂದರೆ ಗ್ಯಾಸ್ ಬರುತ್ತಿಲ್ಲ. ಸಿಲಿಂಡರ್ ಖಾಲಿಯೇ, ರೆಗ್ಯುಲೇಟರ್ ತೆರೆದಿದೆಯೇ, ಪೈಪ್ ಎಲ್ಲಾದರೂ ಮಡಚಿದೆಯೇ ನೋಡಿ. ಈಗಷ್ಟೇ ಸಿಲಿಂಡರ್ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ; ಎರಡು ಮೂರು ಸಲ ನಲ್ಲಿ ತೆರೆದು ಮುಚ್ಚಿದರೆ ಹೊತ್ತುತ್ತದೆ. ಆದರೆ ಹತ್ತಾರು ಸಲ ಹಾಗೆ ಮಾಡಬಾರದು. ಸೇರಿಕೊಂಡ ಗ್ಯಾಸ್ ಒಮ್ಮೆಲೇ ಭಗ್ಗೆಂದು ಹೊತ್ತಬಹುದು.

ಹೊತ್ತಿ ಕೂಡಲೇ ಆರಿದರೆ ಸೆಲ್ ದುರ್ಬಲವಾಗಿರಬಹುದು, ಗ್ಯಾಸ್ ಮುಗಿಯುತ್ತಿರಬಹುದು, ಅಥವಾ ಬೆಂಕಿಯನ್ನು ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಸುಮಾರು 20 ನಿಮಿಷ ಉರಿದ ಮೇಲೆ ಆರಿದರೆ ಅದು ಕೆಟ್ಟಿರಬೇಕೆಂದೇನಿಲ್ಲ. ಅನೇಕ ಗೀಸರುಗಳು ಅಷ್ಟು ಹೊತ್ತಿಗೆ ತಾವೇ ಆರುವಂತೆ ಮಾಡಿರುತ್ತಾರೆ. ಏಕೆ ಎಂಬುದು ಮುಖ್ಯ.

ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅದು ಬೇಗ ಕಡಿಮೆಯಾಗಿ, ಬೆಂಕಿ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಸಿಲಿಂಡರಿನ ಅನಿಲಕ್ಕೆ ವಾಸನೆ ಸೇರಿಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಸಹೋದರಿಯರು ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರಿನ ಅನಿಲದಿಂದ ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು.

ಆದ್ದರಿಂದ ಗೀಸರ್ ಪದೇ ಪದೇ ಆರುತ್ತಿದ್ದರೆ ಸೆನ್ಸರಿನ ವೈರ್ ತಪ್ಪಿಸಿ ನೇರ ಉರಿಯುವಂತೆ ಮಾಡಿಸಬೇಡಿ. ಕೆಲವರು ಮಾಮುವಿಗೆ "ಏನಾದರೂ ಜುಗಾಡ್ ಮಾಡಿ ಭಾಯ್" ಎನ್ನುತ್ತಾರೆ. ಆ ಕೆಲಸ ಅವರು ಒಪ್ಪುವುದಿಲ್ಲ, ಕೂಲಿ ಹೋದರೂ ಸರಿ. ಜ್ವಾಲೆ ನೀಲಿಯಾಗಿರಬೇಕು, ಹಳದಿಯಾಗಿದ್ದರೆ, ಗೀಸರಿನ ಮೇಲೆ ಮಸಿ ಕಂಡರೆ ಬಳಕೆ ನಿಲ್ಲಿಸಿ ರಿಪೇರಿಯವರನ್ನು ಕರೆಸಿ. ಒಳಗಿನ ವಾಲ್ವ್, ಬರ್ನರ್ ಬಿಚ್ಚುವುದು ಅವರ ಕೆಲಸ, ನಮ್ಮದಲ್ಲ.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿ ಪೈಪ್ ಮಾತ್ರ ಒಳಗೆ ತರುವುದೇ ಸರಿಯಾದ ದಾರಿ. ಬಾಡಿಗೆ ಮನೆಯಲ್ಲಿ ಅದು ಆಗದಿದ್ದರೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಮತ್ತು ರೆಗ್ಯುಲೇಟರ್ ಬಂದ್ ಮಾಡಿ, ಗಾಳಿ ಹೋಗಲು ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಕಿಟಕಿಯ ಸಂದಿಗೆ ಚಳಿಗೆಂದು ಬಟ್ಟೆ ತುರುಕಿದ್ದರೆ ಇವತ್ತೇ ತೆಗೆಯಿರಿ. ನಮ್ಮ ಮನೆಯಲ್ಲಿ ಒಬ್ಬರು ಸ್ನಾನಕ್ಕೆ ಹೋದರೆ ಅಮ್ಮಿ ಹೊರಗಿನಿಂದ ಎರಡು ಸಲವಾದರೂ ಕೂಗಿ ಮಾತಾಡಿಸುತ್ತಾರೆ. ನಿಮ್ಮ ಮನೆಯಲ್ಲೂ ಈ ಪದ್ಧತಿ ಇರಲಿ.