ಕಾವಲು ಬಿಡದೆ ಮುನ್ನುಗ್ಗಿದವನು: ರೋಜರ್ ಬರ್ನ್

ಕಾಲ್ಚೆಂಡಾಟವನ್ನು ನೋಡಹೋದ ನಮ್ಮ ಕಣ್ಣುಗಳು ಸಾಮಾನ್ಯವಾಗಿ ಗೋಲು ಹೊಡೆಯುವವನ ಮೇಲೆಯೇ ನೆಟ್ಟಿರುತ್ತವೆ. ಚಪ್ಪಾಳೆಯೂ ಅವನಿಗೇ, ಹೂಮಾಲೆಯೂ ಅವನಿಗೇ. ಹಿಂದೆ ನಿಂತು ಗೋಲನ್ನು ಕಾಯುವವನ ನೆನಪು ನಮಗಾಗುವುದು ಅವನು ತಪ್ಪಿದಾಗ ಮಾತ್ರ. ಆದರೆ ಕಾಯುವ ಹೊಣೆಯನ್ನೂ ಮುನ್ನುಗ್ಗುವ ಹುರುಪನ್ನೂ ಸಮನಾಗಿ ತೂಗಿಸಿಕೊಂಡು ಬಂದ ಆಟಗಾರನೊಬ್ಬನು ಇಂಗ್ಲೆಂಡಿನಲ್ಲಿದ್ದನು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ನಾಯಕನಾಗಿದ್ದ ಆ ರೋಜರ್ ಬರ್ನ್‌ನ ವೃತ್ತಾಂತವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಬರ್ನ್ ಹುಟ್ಟಿದ್ದು 1929ರ ಸೆಪ್ಟೆಂಬರ್ 8ರಂದು, ಮ್ಯಾಂಚೆಸ್ಟರ್ ನಗರದ ಗಾರ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಮುಂದೆ ವೇಗದ ಬೌಲರನೆಂದು ಹೆಸರಾದ ಬ್ರಯನ್ ಸ್ಟೇಥಮ್ ಕೂಡ ಅದೇ ಬಡಾವಣೆಯವನು. ಹುಡುಗರಾಗಿದ್ದಾಗ ಇಬ್ಬರೂ ಒಂದೇ ಕ್ಲಬ್ಬಿನಲ್ಲಿ ಆಡಿದವರು. 1951ರ ನವೆಂಬರ್ 24ರಂದು ಲಿವರ್‌ಪೂಲಿನ ವಿರುದ್ಧ ಬರ್ನ್ ಯುನೈಟೆಡ್ಡಿನ ಪರವಾಗಿ ಮೊದಲ ಬಾರಿಗೆ ಲೀಗ್ ಪಂದ್ಯವಾಡಿದನು. ಅಂದು ಗೋಲುಗಳಾಗಲಿಲ್ಲ. ಆದರೆ ಬಸ್ಬಿಯ ಎಳೆಯರೆಂದು ಲೋಕವೆಲ್ಲ ಕರೆದ ಆ ತರುಣ ಪೀಳಿಗೆಗೆ ಅದೇ ಪಂದ್ಯದ ವರದಿಯಿಂದ ಆ ಹೆಸರು ಬಂದಿತು.

ತಂಡದ ವ್ಯವಸ್ಥಾಪಕನಾದ ಮ್ಯಾಟ್ ಬಸ್ಬಿಯು ಆ ವರ್ಷದ ಕೊನೆಯ ಆರು ಪಂದ್ಯಗಳಲ್ಲಿ ಬರ್ನ್‌ನನ್ನು ಮುಂದಿನ ಸಾಲಿನ ಎಡ ಅಂಚಿಗೆ ಕಳುಹಿಸಿದನು. ಆರು ಪಂದ್ಯಗಳಲ್ಲಿ ಬರ್ನ್ 7 ಗೋಲು ಹೊಡೆದನು. 1911ರಿಂದ ಕೈಗೆಟುಕದಿದ್ದ ಲೀಗ್ ಪ್ರಶಸ್ತಿ 1952ರಲ್ಲಿ ಯುನೈಟೆಡ್ಡಿಗೆ ದೊರೆಯಿತು. ಇನ್ನೊಬ್ಬನಾಗಿದ್ದರೆ ಗೋಲಿನ ಕೀರ್ತಿಯನ್ನೇ ಅಪ್ಪಿಕೊಳ್ಳುತ್ತಿದ್ದನು. ಬರ್ನ್‌ನಿಗಾದರೋ ಆ ಸ್ಥಾನ ಒಗ್ಗಲಿಲ್ಲ. ತನ್ನನ್ನು ಬೇರೆ ಕ್ಲಬ್ಬಿಗೆ ಕಳುಹಿಸಿಬಿಡಿರೆಂದು ಕೇಳುವವರೆಗೂ ಮಾತು ಹೋಯಿತು. ಕೊನೆಗೆ ಬಸ್ಬಿಯು ಅವನನ್ನು ಹಿಂದಿನ ಎಡ ಸ್ಥಾನಕ್ಕೆ, ಅಂದರೆ ಲೆಫ್ಟ್ ಬ್ಯಾಕ್ ಸ್ಥಾನಕ್ಕೆ, ಮರಳಿಸಿದನು.

ಆ ಕಾಲದ ಇಂಗ್ಲೆಂಡಿನಲ್ಲಿ ಲೆಫ್ಟ್ ಬ್ಯಾಕ್ ಎಂದರೆ ಗಟ್ಟಿ ಮೈಯ ಕಾವಲುಗಾರ. ಎದುರು ಪಕ್ಷದ ಬಲ ಅಂಚಿನ ಆಟಗಾರನನ್ನು ತಡೆಯುವುದು, ಚೆಂಡು ಸಿಕ್ಕರೆ ದೂರಕ್ಕೆ ಒದೆಯುವುದು, ನಡುಗೆರೆಯನ್ನು ದಾಟದಿರುವುದು: ಅವನ ಕೆಲಸ ಇಷ್ಟೇ. ಬರ್ನ್‌ನ ದಾರಿ ಬೇರೆ. ಮೈಮೇಲೆ ಬಿದ್ದು ಚೆಂಡು ಕಸಿಯುವುದಕ್ಕಿಂತ, ಎದುರಾಳಿಯನ್ನು ಹೆಜ್ಜೆ ಹೆಜ್ಜೆಗೂ ಅಂಚಿನ ಗೆರೆಯತ್ತ ಒತ್ತಿ, ದಾರಿಯಿಲ್ಲದಂತೆ ಮಾಡುವುದೇ ಅವನಿಗೆ ಪ್ರಿಯವಾಗಿತ್ತು. ಚೆಂಡು ಕೈವಶವಾದೊಡನೆ ಅಂಚಿನುದ್ದಕ್ಕೂ ತಾನೇ ಮುಂದೋಡುತ್ತಿದ್ದನು.

ಇದರಲ್ಲಿ ಅಪಾಯವಿಲ್ಲದಿಲ್ಲ. ಬ್ಯಾಕ್ ಮುಂದೆ ಹೋದರೆ ಅವನ ಬೆನ್ನ ಹಿಂದಿನ ಜಾಗ ಬಯಲಾಗುತ್ತದೆ. ಎದುರು ಪಕ್ಷದಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್‌ನಂಥವನಿದ್ದರೆ ಆ ಬಯಲೊಂದೇ ಸಾಕು, ಗೋಲು ತಪ್ಪಿದ್ದಲ್ಲ. ಹಾಗಾಗದಂತೆ ನೋಡಿಕೊಂಡುದು ಬರ್ನ್‌ನ ಓಟ ಮತ್ತು ಮುಂದಾಲೋಚನೆ. ಎಡ ಹಾಫ್ ಬ್ಯಾಕ್ ಸ್ಥಾನದಲ್ಲಿದ್ದ ಡಂಕನ್ ಎಡ್ವರ್ಡ್ಸ್‌ನ ಬಲವೂ ಅವನಿಗೆ ಬೆಂಬಲವಾಗಿತ್ತು. ಮುಂದೆ ಹೋಗುವುದು ದೊಡ್ಡದಲ್ಲ, ಹೊತ್ತಿಗೆ ಸರಿಯಾಗಿ ಹಿಂದಿರುಗುವುದೇ ದೊಡ್ಡದು ಎಂಬುದನ್ನು ಬರ್ನ್ ಬಲ್ಲವನಾಗಿದ್ದನು.

ಇಂಗ್ಲೆಂಡಿನ ಪರವಾಗಿ ಅವನು ಮೊದಲು ಆಡಿದ್ದು 1954ರ ಏಪ್ರಿಲಿನಲ್ಲಿ, ಸ್ಕಾಟ್ಲೆಂಡಿನ ಎದುರು. ಮರು ತಿಂಗಳೇ ಬುಡಾಪೆಸ್ಟಿನಲ್ಲಿ ಹಂಗೆರಿಯವರು ಇಂಗ್ಲೆಂಡನ್ನು 7-1ರಿಂದ ಸೋಲಿಸಿದಾಗಲೂ ಅವನು ತಂಡದಲ್ಲಿದ್ದನು. ಆ ಅಪಮಾನದ ನಂತರವೂ ಅವನ ಸ್ಥಾನ ಅಲುಗಲಿಲ್ಲ. 1957ರ ನವೆಂಬರ್‌ವರೆಗೆ ಒಂದನ್ನೂ ಬಿಡದೆ 33 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದನು.

ಅವನು ನಿರ್ದೋಷಿಯೇನೂ ಆಗಿರಲಿಲ್ಲ. 1952ರ ಅಮೆರಿಕ ಪ್ರವಾಸದಲ್ಲಿ ಸಿಟ್ಟಿಗೆದ್ದು ಮೈದಾನದಿಂದ ಹೊರಹಾಕಿಸಿಕೊಂಡನು. ನಾಯಕ ಜಾನಿ ಕೇರಿಯ ಕ್ಷಮೆ ಕೇಳು, ಇಲ್ಲವೇ ಮನೆಗೆ ಹೊರಡು ಎಂದು ಬಸ್ಬಿಯು ಕಟ್ಟುನಿಟ್ಟಾಗಿ ಹೇಳಿದನು. ಬರ್ನ್ ಕ್ಷಮೆ ಕೇಳಿದನು. ಅಂದು ತಲೆಬಾಗಿದವನೇ ಕೆಲವೇ ವರ್ಷಗಳಲ್ಲಿ ಆ ತಂಡದ ನಾಯಕನಾದುದನ್ನು ನಮ್ಮ ತರುಣರು ಗಮನಿಸತಕ್ಕದ್ದು. ಅವನ ನಾಯಕತ್ವದಲ್ಲಿ ಯುನೈಟೆಡ್ 1956ರಲ್ಲಿ 11 ಅಂಕಗಳ ಅಂತರದಿಂದ ಲೀಗ್ ಗೆದ್ದಿತು. 1957ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷದ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಗೋಲಿ ರೇ ವುಡ್ ಆರಂಭದಲ್ಲಿಯೇ ಗಾಯಗೊಂಡನು. ಬದಲಿ ಆಟಗಾರರಿಗೆ ಅವಕಾಶವಿಲ್ಲದ ಕಾಲವದು. ಯುನೈಟೆಡ್ 1-2ರಿಂದ ಆಸ್ಟನ್ ವಿಲ್ಲಾಕ್ಕೆ ಸೋತಿತು.

ಆಟಗಾರರ ಸಂಬಳಕ್ಕೆ 1961ರವರೆಗೆ ಇಂಗ್ಲೆಂಡಿನಲ್ಲಿ ಮಿತಿಯಿತ್ತು. ಕಾಲಿನ ಬಲ ಕುಂದಿದ ಮೇಲೆ ಹೊಟ್ಟೆಪಾಡೇನು ಎಂಬ ಚಿಂತೆ ಖ್ಯಾತರನ್ನೂ ಬಿಟ್ಟಿರಲಿಲ್ಲ. ಬರ್ನ್ ಆಡುತ್ತಿರುವಾಗಲೇ ಸಾಲ್ಫರ್ಡಿನ ಆಸ್ಪತ್ರೆಯೊಂದರಲ್ಲಿ ಅಂಗಮರ್ದನ, ವ್ಯಾಯಾಮಗಳಿಂದ ನೋವು ನೀಗುವ ಚಿಕಿತ್ಸಾವಿದ್ಯೆಯನ್ನು ಕಲಿಯುತ್ತಿದ್ದನು.

ಆ ವಿದ್ಯೆ ಕೈಗೂಡಲಿಲ್ಲ. 1958ರ ಫೆಬ್ರವರಿ 5ರಂದು ಬೆಲ್‌ಗ್ರೇಡಿನಲ್ಲಿ ರೆಡ್ ಸ್ಟಾರ್ ತಂಡದೊಡನೆ 3-3ರ ಸಮನಾಟವಾಡಿ, ಯುನೈಟೆಡ್ ಯೂರೋಪಿಯನ್ ಕಪ್ಪಿನ ಉಪಾಂತ್ಯವನ್ನು ಮುಟ್ಟಿತು. ಮರುದಿನ ಊರಿಗೆ ಮರಳುವ ದಾರಿಯಲ್ಲಿ, ಮ್ಯೂನಿಕ್ ನಿಲ್ದಾಣದ ಕರಗಿದ ಹಿಮದ ರಾಡಿಯಲ್ಲಿ, ಮೂರನೆಯ ಬಾರಿ ಮೇಲೇರಲು ಯತ್ನಿಸಿದ ವಿಮಾನವು ಅಪಘಾತಕ್ಕೀಡಾಯಿತು. ಒಟ್ಟು 23 ಜನರು ಸತ್ತರು. ಅವರಲ್ಲಿ 8 ಮಂದಿ ಆಟಗಾರರು. 28 ವರ್ಷದ ಬರ್ನ್ ಆ ಎಂಟರಲ್ಲೊಬ್ಬನು. ತಾನು ಗರ್ಭಿಣಿಯೆಂಬ ಸಿಹಿ ಸುದ್ದಿಯನ್ನು ಪತಿ ಮರಳಿದೊಡನೆ ತಿಳಿಸಬೇಕೆಂದು ಅವನ ಪತ್ನಿ ಕಾದಿದ್ದಳು. ಎಂಟು ತಿಂಗಳ ತರುವಾಯ ಗಂಡುಮಗು ಹುಟ್ಟಿತು. ತಂದೆಯ ಹೆಸರನ್ನೇ ಅದಕ್ಕೆ ಇಟ್ಟರು.

1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ರೇ ವಿಲ್ಸನ್, ಜಾರ್ಜ್ ಕೋಹೆನ್ ಎಂಬ ಇಬ್ಬರು ಬ್ಯಾಕ್‌ಗಳು ಎರಡೂ ಅಂಚುಗಳಲ್ಲಿ ಮುನ್ನುಗ್ಗಿ ಆಡಿದರು. ಇಂದು ಮುಂದೆ ಹೋಗಲಾರದ ಲೆಫ್ಟ್ ಬ್ಯಾಕ್‌ನಿಗೆ ದೊಡ್ಡ ತಂಡಗಳಲ್ಲಿ ಸ್ಥಾನ ದೊರೆಯುವುದೇ ಕಷ್ಟ. ಬರ್ನ್‌ನ ಕಾಲದಲ್ಲಿ ಸಾಹಸವೆನಿಸಿದ್ದು ಈಗ ದಿನದ ಕೆಲಸವಾಗಿದೆ. ಮುಂದಿನ ಸಲ ಕಾಲ್ಚೆಂಡಾಟ ನೋಡುವಾಗ, ಎಡ ಅಂಚಿನಲ್ಲಿ ಬ್ಯಾಕ್ ಒಬ್ಬನು ಮುಂದೋಡಿ, ಅಷ್ಟೇ ಬಿರುಸಿನಿಂದ ತನ್ನ ಕಾವಲಿಗೆ ಹಿಂದಿರುಗುವುದನ್ನು ಕಂಡರೆ, ವಾಚಕರು ಗಾರ್ಟನ್ನಿನ ಈ ತರುಣನನ್ನು ಒಂದು ಗಳಿಗೆ ನೆನೆಯಲೆಂದು ನಾವು ಹಾರೈಸುತ್ತೇವೆ.